ಹಿತ್ತಲ ಕೋಳಿಗಳಿಗೆ ಆಹಾರ ಮತ್ತು ನೀರಿನ ಪಾತ್ರೆಗಳ ಆಯ್ಕೆ: ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ಭಾಗದ ಸಾಕಾಣಿಕೆದಾರರಿಗೆ ಮಾಹಿತಿ

1. ಪೀಠಿಕೆ

ಹಿತ್ತಲ ಕೋಳಿ ಸಾಕಾಣಿಕೆಯು ಮಲೆನಾಡಿನ ಬಹುತೇಕ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಉಪಕಸುಬಾಗಿರುತ್ತದೆ. ಕಾಫಿ ತೋಟದ ಸಣ್ಣ ಹಿಡುವಳಿದಾರರ ಮನೆಗಳಲ್ಲಿಯೂ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿಯೂ ಐದರಿಂದ ಇಪ್ಪತ್ತು ಕೋಳಿಗಳನ್ನು ಸಾಕುವುದು ಸಾಮಾನ್ಯ. ಇವುಗಳ ಪಾಲನೆಯನ್ನು ಹೆಚ್ಚಾಗಿ ಮಹಿಳೆಯರೇ ನೋಡಿಕೊಳ್ಳುತ್ತಿದ್ದು, ಮೊಟ್ಟೆ ಮತ್ತು ಹುಂಜದ ಮಾರಾಟದಿಂದ ಬರುವ ಹಣವು ಅವರ ಕೈಖರ್ಚಿಗೂ ಮಕ್ಕಳ ಶಾಲೆಯ ಖರ್ಚಿಗೂ ಒದಗುತ್ತದೆ.

ತಳಿ, ಲಸಿಕೆ ಮತ್ತು ಗೂಡಿನ ಬಗ್ಗೆ ಸಾಕಾಣಿಕೆದಾರರು ತೋರುವ ಆಸಕ್ತಿಯನ್ನು ಆಹಾರ ಮತ್ತು ನೀರಿನ ಪಾತ್ರೆಗಳ ಬಗ್ಗೆ ತೋರುವುದು ವಿರಳ. ಕೈಗೆ ಸಿಕ್ಕ ಒಡೆದ ಬಕೆಟ್ಟು, ಹಳೆಯ ತಟ್ಟೆ ಅಥವಾ ತೋಟದಿಂದ ತಂದ ಖಾಲಿ ಡಬ್ಬಿ ಕೋಳಿಯ ಪಾಲಿಗೆ ಬರುತ್ತದೆ. ಬಯಲುಸೀಮೆಯಲ್ಲಿ ಇದರಿಂದ ಆಗುವ ನಷ್ಟ ಕಡಿಮೆಯಿರಬಹುದು. ಆದರೆ ಮೂಡಿಗೆರೆ ಮತ್ತು ಕಳಸದ ಬಹುಭಾಗದಲ್ಲಿ ವಾರ್ಷಿಕ ಮಳೆಯು 2000 ಮಿ.ಮೀ.ಗಿಂತ ಅಧಿಕವಾಗಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ಸದಾ ತೇವಾಂಶವಿರುತ್ತದೆ. ಈ ಅವಧಿಯಲ್ಲಿ ತೆರೆದ ತಟ್ಟೆಯ ಆಹಾರವು ಒಂದೆರಡು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ತೆರೆದ ನೀರಿಗೆ ಹಿಕ್ಕೆ, ಕೆಸರು ಮತ್ತು ತರಗೆಲೆ ಸೇರುತ್ತವೆ. ಮಳೆಗಾಲದಲ್ಲಿ ಕೋಳಿಗಳು ಸತ್ತಾಗ ಕಾರಣವನ್ನು ಗಾಳಿ ಮತ್ತು ಚಳಿಯಲ್ಲಿ ಹುಡುಕುವುದು ವಾಡಿಕೆ. ಹಲವು ಸಂದರ್ಭಗಳಲ್ಲಿ ಕಾರಣವು ಕೋಳಿಯ ಮುಂದಿಟ್ಟ ಪಾತ್ರೆಯಲ್ಲಿಯೇ ಇರುತ್ತದೆ.

ಆದ್ದರಿಂದ ಈ ಪ್ರದೇಶಕ್ಕೆ ಹೊಂದುವ ಪಾತ್ರೆಗಳನ್ನು ಆರಿಸುವ, ಮನೆಯಲ್ಲಿಯೇ ತಯಾರಿಸಿಕೊಳ್ಳುವ ಮತ್ತು ಶುಚಿಯಾಗಿ ಇಟ್ಟುಕೊಳ್ಳುವ ವಿಧಾನಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಕೋಳಿಯ ನಿತ್ಯದ ಅವಶ್ಯಕತೆ

ಪಾತ್ರೆಯ ಗಾತ್ರವನ್ನು ನಿರ್ಧರಿಸುವ ಮುನ್ನ ಕೋಳಿಗೆ ಎಷ್ಟು ಆಹಾರ ಮತ್ತು ನೀರು ಬೇಕೆಂಬುದನ್ನು ತಿಳಿಯುವುದು ಅವಶ್ಯಕ.

ಮೊಟ್ಟೆಯಿಡುವ ಕೋಳಿಯೊಂದಕ್ಕೆ ಪೂರ್ಣವಾಗಿ ಗೂಡಿನಲ್ಲಿಯೇ ಆಹಾರ ನೀಡುವುದಾದರೆ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ಬೇಕಾಗುತ್ತದೆ. ತೋಟದಲ್ಲಿ ಹುಳು, ಗೆದ್ದಲು, ಹುಲ್ಲಿನ ಕುಡಿ ಮತ್ತು ಕಾಳು ಹೆಕ್ಕಿ ತಿನ್ನುವ ಕೋಳಿಗೆ ಇದರ ಅರ್ಧದಷ್ಟು ಪೂರಕ ಆಹಾರ ಸಾಕಾಗುತ್ತದೆ. ಮಳೆ ಹಿಡಿದು ಕೋಳಿಗಳು ಹೊರಗೆ ಹೋಗಲಾಗದ ದಿನಗಳಲ್ಲಿ ಪೂರಕ ಆಹಾರವನ್ನು ಹೆಚ್ಚಿಸಬೇಕು.

ಕೋಳಿಯು ತಿನ್ನುವ ಆಹಾರದ ತೂಕದ ಸುಮಾರು ಎರಡರಷ್ಟು ನೀರನ್ನು ಕುಡಿಯುತ್ತದೆ. ಅಂದರೆ ದೊಡ್ಡ ಕೋಳಿಯೊಂದಕ್ಕೆ ದಿನಕ್ಕೆ 200ರಿಂದ 250 ಮಿ.ಲೀ. ನೀರು ಬೇಕು. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇದು 400 ಮಿ.ಲೀ. ತಲುಪಬಹುದು. ಹತ್ತು ಕೋಳಿಗಳಿರುವ ಮನೆಯಲ್ಲಿ ಸಾಮಾನ್ಯ ದಿನಗಳಲ್ಲಿ ಎರಡೂವರೆ ಲೀಟರ್, ಬೇಸಿಗೆಯಲ್ಲಿ ನಾಲ್ಕು ಲೀಟರ್ ನೀರು ಸಿದ್ಧವಿರಬೇಕು. ಮೊಟ್ಟೆಯ ಮೂರನೆಯ ಎರಡು ಭಾಗದಷ್ಟು ನೀರೇ ಆಗಿರುವುದರಿಂದ, ಒಂದು ದಿನ ನೀರು ತಪ್ಪಿದರೂ ಮೊಟ್ಟೆಯ ಇಳುವರಿ ಕುಸಿಯುತ್ತದೆ ಮತ್ತು ಮೊದಲಿನ ಸ್ಥಿತಿಗೆ ಮರಳಲು ಹಲವು ದಿನಗಳು ಹಿಡಿಯುತ್ತವೆ. ಗೂಡಿನಿಂದ ಹೊರಬಿಟ್ಟ ಕೂಡಲೇ ಮತ್ತು ಸಂಜೆ ಗೂಡು ಸೇರುವ ಮುನ್ನ ಕೋಳಿಗಳು ಹೆಚ್ಚು ನೀರು ಕುಡಿಯುತ್ತವೆ. ಈ ಎರಡು ಹೊತ್ತಿನಲ್ಲಿ ನೀರು ಗೂಡಿನ ಬಾಗಿಲ ಬಳಿ ಇರುವಂತೆ ನೋಡಿಕೊಳ್ಳತಕ್ಕದ್ದು. ಇಲ್ಲದಿದ್ದರೆ ಕೋಳಿಗಳು ಗುಂಡಿಯ ನೀರಿಗೆ ಹೋಗುತ್ತವೆ.

3. ಪಾತ್ರೆ ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

ಪಾತ್ರೆಯ ಬೆಲೆಗಿಂತ ಮೊದಲು ಈ ಕೆಳಗಿನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ಅ) ಈ ಪಾತ್ರೆಯಲ್ಲಿ ಈ ಮೊದಲು ಏನಿತ್ತು? ಆಹಾರ ಪದಾರ್ಥವಲ್ಲದೆ ಬೇರೇನಾದರೂ ಇದ್ದರೆ, ಅಥವಾ ಏನಿತ್ತೆಂದು ತಿಳಿಯದಿದ್ದರೆ, ಅದನ್ನು ಬಳಸಬಾರದು.

ಆ) ಕೋಳಿಯು ಪಾತ್ರೆಯೊಳಗೆ ಕಾಲಿಡಲು ಅಥವಾ ಅದರ ಮೇಲೆ ಕುಳಿತುಕೊಳ್ಳಲು ಸಾಧ್ಯವೇ? ಸಾಧ್ಯವಿದ್ದರೆ ಅದರಲ್ಲಿ ಹಿಕ್ಕೆ ಬೀಳುವುದು ಖಚಿತ.

ಇ) ಮಳೆಯ ಹನಿ ಮತ್ತು ಇರಚಲು ಪಾತ್ರೆಯೊಳಗೆ ಬೀಳುವುದೇ? ಮಲೆನಾಡಿನಲ್ಲಿ ಮಳೆ ಓರೆಯಾಗಿ ಬೀಸುವುದರಿಂದ ಮೇಲೊಂದು ಮುಚ್ಚಳವಿದ್ದರೆ ಮಾತ್ರ ಸಾಲದು, ಪಕ್ಕದ ಮರೆಯೂ ಬೇಕು.

ಈ) ಪಾತ್ರೆಯೊಳಗೆ ಕೈ ಹಾಕಿ ತಳದವರೆಗೆ ಉಜ್ಜಲು ಬರುವುದೇ? ಕೈ ಹೋಗದ ಪಾತ್ರೆಯನ್ನು ಯಾರೂ ಬಹುಕಾಲ ಶುಚಿಯಾಗಿ ಇಡಲಾರರು.

ಈ ನಾಲ್ಕರಲ್ಲಿಯೂ ಉತ್ತೀರ್ಣವಾಗುವ ಪಾತ್ರೆಯು ಅಂಗಡಿಯದ್ದಾಗಿರಲಿ, ಮನೆಯಲ್ಲಿ ಮಾಡಿದ್ದಾಗಿರಲಿ, ಉತ್ತಮ ಪಾತ್ರೆಯೇ ಆಗಿರುತ್ತದೆ. ಮೊದಲನೆಯ ಪ್ರಶ್ನೆಯಲ್ಲಿ ಅನುತ್ತೀರ್ಣವಾದ ಪಾತ್ರೆಯನ್ನು ಉಳಿದ ಮೂರು ಗುಣಗಳಿದ್ದರೂ ಬಳಸತಕ್ಕದ್ದಲ್ಲ.

4. ತೋಟದ ಖಾಲಿ ಡಬ್ಬಿಗಳ ಬಗ್ಗೆ ಎಚ್ಚರಿಕೆ

ಕಾಫಿ ಪ್ರದೇಶಕ್ಕೆ ವಿಶೇಷವಾಗಿ ಅನ್ವಯಿಸುವ ವಿಷಯ ಇದಾಗಿದೆ. ಕಾಫಿಯ ಎಲೆ ತುಕ್ಕು ರೋಗದ ಹತೋಟಿಗೆ ಶೇ. 0.5ರ ಹಾಗೂ ಅಡಿಕೆಯ ಕೊಳೆರೋಗದ ಹತೋಟಿಗೆ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುನ್ನ ಹಾಗೂ ಅಗತ್ಯಾನುಸಾರ ನಂತರವೂ ಸಿಂಪಡಿಸಲಾಗುತ್ತದೆ. 1 ಕಿ.ಗ್ರಾಂ. ಮೈಲುತುತ್ತ ಮತ್ತು 1 ಕಿ.ಗ್ರಾಂ. ಸುಣ್ಣವನ್ನು 100 ಲೀಟರ್ ನೀರಿನಲ್ಲಿ ಸೇರಿಸಿ ಶೇ. 1ರ ದ್ರಾವಣವನ್ನು ತಯಾರಿಸುತ್ತಾರೆ. ಮೈಲುತುತ್ತವು ಕಬ್ಬಿಣ ಮತ್ತು ತಗಡನ್ನು ತಿನ್ನುವುದರಿಂದ ಇದಕ್ಕೆ ಪ್ಲಾಸ್ಟಿಕ್ ಡ್ರಮ್‌ಗಳನ್ನೇ ಬಳಸಲಾಗುತ್ತದೆ. ಹಳೆಯದಾದ ಇಂತಹ ಡ್ರಮ್ಮನ್ನು ಅಡ್ಡಲಾಗಿ ಕತ್ತರಿಸಿ ಕೋಳಿಗೆ ಅಥವಾ ದನಕ್ಕೆ ನೀರಿಡುವುದು ಅಪಾಯಕಾರಿ. ಡ್ರಮ್ಮಿನ ಗೀರು ಮತ್ತು ಸಂದುಗಳಲ್ಲಿ ಅಂಟಿಕೊಂಡ ತಾಮ್ರದ ಅಂಶವು ತೊಳೆದರೂ ಪೂರ್ಣವಾಗಿ ಹೋಗದು. ಅಧಿಕ ತಾಮ್ರವು ಕೋಳಿಯ ಜಠರ ಮತ್ತು ಯಕೃತ್ತಿಗೆ ಹಾನಿ ಉಂಟುಮಾಡುತ್ತದೆ.

ಕೀಟನಾಶಕ, ಶಿಲೀಂಧ್ರನಾಶಕ ಮತ್ತು ಕಳೆನಾಶಕಗಳ ಖಾಲಿ ಡಬ್ಬಿಗಳು ಇದಕ್ಕಿಂತಲೂ ಅಪಾಯಕಾರಿ. ಈ ಡಬ್ಬಿಗಳ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನದ ಗುರುತು ಇರುತ್ತದೆ. ಕೆಂಪು ಅತ್ಯಂತ ವಿಷಕಾರಿಯೆಂಬುದನ್ನೂ, ಹಸಿರು ಇವುಗಳ ಪೈಕಿ ಕಡಿಮೆ ವಿಷಕಾರಿಯೆಂಬುದನ್ನೂ ಸೂಚಿಸುತ್ತದೆ. ಹಸಿರು ಗುರುತಿದೆ ಎಂಬ ಕಾರಣಕ್ಕೆ ಡಬ್ಬಿಯನ್ನು ಮನೆಗೆ ತರುವುದು ತಪ್ಪು ತಿಳುವಳಿಕೆಯಾಗಿದೆ. ಕೀಟನಾಶಕಗಳ ನಿಯಮಗಳು, 1971ರ ಪ್ರಕಾರ ಖಾಲಿ ಡಬ್ಬಿಗಳನ್ನು ಮರುಬಳಕೆಗೆ ಸಿಗುವಂತೆ ಹೊರಗೆ ಬಿಡಬಾರದು. ಅವುಗಳನ್ನು ಒಡೆದು ವಸತಿಯಿಂದ ದೂರದಲ್ಲಿ ಹೂಳಬೇಕು. ಇಂತಹ ಡಬ್ಬಿಯ ನೀರು ಕುಡಿದ ಕೋಳಿ ಕೂಡಲೇ ಸಾಯದೇ ಇರಬಹುದು. ಆದರೆ ವಿಷದ ಅಂಶವು ಮೊಟ್ಟೆ ಮತ್ತು ಮಾಂಸದ ಮೂಲಕ ಮನೆಯ ಮಕ್ಕಳ ಊಟದ ತಟ್ಟೆಗೆ ಬರುವ ಸಾಧ್ಯತೆಯಿರುತ್ತದೆ.

ಇದೇ ಕಾರಣಕ್ಕಾಗಿ ಬಣ್ಣದ ಡಬ್ಬಿ, ಎಂಜಿನ್ ಆಯಿಲ್ ಡಬ್ಬಿ ಮತ್ತು ಬ್ಯಾಟರಿ ಪೆಟ್ಟಿಗೆಗಳನ್ನು ಪಾತ್ರೆಯಾಗಿ ಬಳಸಬಾರದು. ರಸಗೊಬ್ಬರದ ಚೀಲದಲ್ಲಿ ತೌಡು ಅಥವಾ ಜೋಳವನ್ನು ತುಂಬಿಡಬಾರದು. ಅಡುಗೆ ಎಣ್ಣೆ, ಹಾಲು, ಉಪ್ಪಿನಕಾಯಿ ಮುಂತಾದ ಆಹಾರ ಪದಾರ್ಥಗಳಿದ್ದ ಡಬ್ಬಿಗಳನ್ನು ಸೋಪಿನಿಂದ ತೊಳೆದು, ಚೆನ್ನಾಗಿ ಜಾಲಿಸಿ ಬಳಸಬಹುದು. ತಗಡಿನ ಡಬ್ಬಿಯನ್ನು ಕತ್ತರಿಸಿದಲ್ಲಿ ಅಂಚನ್ನು ಹೊರಕ್ಕೆ ಮಡಚಿ ತಟ್ಟಬೇಕು. ಹರಿತವಾದ ಅಂಚು ಕೋಳಿಯ ಜುಟ್ಟು ಮತ್ತು ಗಲ್ಲದ ಜೋಲನ್ನು ಕೊಯ್ಯುತ್ತದೆ.

5. ಯಾವ ವಸ್ತುವಿನ ಪಾತ್ರೆ ಸೂಕ್ತ?

ಪ್ಲಾಸ್ಟಿಕ್: ಹಗುರ, ಅಗ್ಗ ಮತ್ತು ತುಕ್ಕು ಹಿಡಿಯದು. ಬಿಸಿಲಿಗೆ ಸೆಡೆತು ಒಡೆಯುತ್ತದೆ; ಗೀರುಗಳಲ್ಲಿ ಪಾಚಿ ನಿಲ್ಲುತ್ತದೆ. ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಪಾಚಿ ಬೇಗ ಬೆಳೆಯುವುದರಿಂದ ಅದನ್ನು ನೆರಳಿನಲ್ಲಿ ಇಡಬೇಕು. ಲಸಿಕೆ ಮತ್ತು ಔಷಧಿಯನ್ನು ನೀರಿನಲ್ಲಿ ನೀಡಲು ಶುಚಿಯಾದ ಪ್ಲಾಸ್ಟಿಕ್ ಪಾತ್ರೆಯೇ ಸೂಕ್ತ.

ಮಣ್ಣಿನ ಪಾತ್ರೆ: ಬೇಸಿಗೆಯಲ್ಲಿ ನೀರನ್ನು ತಂಪಾಗಿ ಇಡುತ್ತದೆ ಮತ್ತು ಭಾರವಿರುವುದರಿಂದ ಸುಲಭವಾಗಿ ಮಗುಚದು. ಆದರೆ ಸೂಕ್ಷ್ಮ ರಂಧ್ರಗಳಿರುವುದರಿಂದ ವಾರಕ್ಕೊಮ್ಮೆ ಕುದಿಯುವ ನೀರು ಸುರಿದು ಬಿಸಿಲಿನಲ್ಲಿ ಒಣಗಿಸುವುದು ಅವಶ್ಯಕ. ಮಳೆಗಾಲದಲ್ಲಿ ಇದು ಒಣಗದಿರುವುದರಿಂದ ಆಹಾರಕ್ಕೆ ಬಳಸುವುದು ಸೂಕ್ತವಲ್ಲ.

ಸ್ಟೀಲ್ ಮತ್ತು ಅಲ್ಯೂಮಿನಿಯಂ: ತೊಳೆಯಲು ಸುಲಭ ಹಾಗೂ ಬಹುಕಾಲ ಬಾಳುತ್ತವೆ. ಹಗುರವಾದ ತಟ್ಟೆಗಳನ್ನು ಕೋಳಿಗಳು ಮಗುಚುತ್ತವೆ. ಗಿರಿರಾಜ ಮತ್ತು ಸ್ವರ್ಣಧಾರದಂತಹ, ನಾಟಿ ಕೋಳಿಗಿಂತ ಹೆಚ್ಚು ತೂಕದ ತಳಿಗಳಿದ್ದಲ್ಲಿ ತಟ್ಟೆಯನ್ನು ಇಟ್ಟಿಗೆಗಳ ನಡುವೆ ಕೂರಿಸಬೇಕು.

ಸತುವಿನ ಲೇಪನದ ತಗಡು: ಒಣ ಆಹಾರಕ್ಕೆ ಮತ್ತು ಬರಿಯ ನೀರಿಗೆ ಬಳಸಬಹುದು. ಮಜ್ಜಿಗೆ, ಹುಳಿ ಗಂಜಿ ಅಥವಾ ಔಷಧಿ ಬೆರೆಸಿದ ನೀರನ್ನು ಇದರಲ್ಲಿ ಇಡಬಾರದು. ಹುಳಿಯು ಸತುವನ್ನು ಕರಗಿಸುತ್ತದೆ. ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಬಿದಿರು ಮತ್ತು ಅಡಿಕೆ ದಬ್ಬೆ: ಉದ್ದುದ್ದ ಸೀಳಿದ ದಪ್ಪ ಬಿದಿರು ಅಥವಾ ಅಡಿಕೆ ಮರದ ದಬ್ಬೆಯು ಖರ್ಚಿಲ್ಲದ ಉತ್ತಮ ಆಹಾರದ ತೊಟ್ಟಿಯಾಗುತ್ತದೆ. ಎರಡೂ ತುದಿಗೆ ಗೂಟ ಕೊಟ್ಟು ಉರುಳದಂತೆ ಕಟ್ಟಬೇಕು. ಮಳೆಗಾಲದಲ್ಲಿ ಇವು ಬೂಷ್ಟು ಹಿಡಿಯುವುದರಿಂದ ಪ್ರತಿ ವರ್ಷ ಹೊಸದನ್ನು ಮಾಡಿಕೊಂಡು ಹಳೆಯದನ್ನು ಒಲೆಗೆ ಹಾಕುವುದು ಒಳ್ಳೆಯದು.

ಅಡಿಕೆ ಹಾಳೆ ಮತ್ತು ತೆಂಗಿನ ಕರಟ: ಒಂದೆರಡು ದಿನದ ಬಳಕೆಗೆ ಮಾತ್ರ. ಬಳಸಿ ಎಸೆದ ಹಾಳೆ ಮತ್ತು ಕರಟದಲ್ಲಿ ಮಳೆನೀರು ನಿಂತು ಸೊಳ್ಳೆಗಳು ಬೆಳೆಯುತ್ತವೆ. ಆದ್ದರಿಂದ ಅವುಗಳನ್ನು ಸುಡಬೇಕು ಅಥವಾ ಗೊಬ್ಬರದ ಗುಂಡಿಯಲ್ಲಿ ಮುಚ್ಚಬೇಕು.

6. ನೀರಿನ ಪಾತ್ರೆಗಳ ವಿಧಗಳು

6.1 ತೆರೆದ ತಟ್ಟೆ: ಎಲ್ಲರ ಮನೆಯಲ್ಲಿಯೂ ಇರುವಂತಹದು. ಕೋಳಿಯು ಇದರೊಳಗೆ ಕಾಲಿಡುವುದರಿಂದ ದಿನಕ್ಕೆ ಕನಿಷ್ಠ ಎರಡು ಬಾರಿ ನೀರು ಬದಲಿಸಬೇಕಾಗುತ್ತದೆ. ತಟ್ಟೆಯ ಮಧ್ಯದಲ್ಲಿ ಶುಚಿಯಾದ ದುಂಡುಕಲ್ಲೊಂದನ್ನು ಇಟ್ಟರೆ ತಟ್ಟೆ ಮಗುಚುವುದೂ, ಕೋಳಿ ಒಳಗೆ ನಿಲ್ಲುವುದೂ ಕಡಿಮೆಯಾಗುತ್ತದೆ.

6.2 ಮಗುಚಿಟ್ಟ ಡಬ್ಬಿಯ ವಿಧಾನ: ಅಂಗಡಿಯಲ್ಲಿ ದೊರೆಯುವ ಗಂಟೆಯಾಕಾರದ ನೀರಿನ ಪಾತ್ರೆಯ ತತ್ವವೇ ಇದಾಗಿದ್ದು, ಮನೆಯಲ್ಲಿಯೂ ಮಾಡಿಕೊಳ್ಳಬಹುದು. ಅಗಲ ಬಾಯಿಯ, ಮುಚ್ಚಳ ಭದ್ರವಾಗಿರುವ ಎರಡು ಅಥವಾ ಮೂರು ಲೀಟರಿನ ಡಬ್ಬಿಯನ್ನು ತೆಗೆದುಕೊಂಡು, ಮಗುಚಿಟ್ಟಾಗ ತಟ್ಟೆಯ ತಳದಿಂದ ಸುಮಾರು 2 ಸೆಂ.ಮೀ. ಎತ್ತರಕ್ಕೆ ಬರುವಂತೆ ಡಬ್ಬಿಯ ಪಕ್ಕದಲ್ಲಿ ಒಂದು ರಂಧ್ರ ಮಾಡಬೇಕು. ರಂಧ್ರವು ಮುಚ್ಚಳದ ಅಂಚಿನಿಂದ ಹೊರಗಿರಬೇಕು. ಡಬ್ಬಿಗಿಂತ ಸುಮಾರು 8 ಸೆಂ.ಮೀ. ಹೆಚ್ಚು ಅಗಲವಿರುವ, ಅಂಚು 4 ಸೆಂ.ಮೀ. ಎತ್ತರವಿರುವ ತಟ್ಟೆಯನ್ನು ಆರಿಸಬೇಕು. ರಂಧ್ರವನ್ನು ಬೆರಳಿನಿಂದ ಮುಚ್ಚಿ ಡಬ್ಬಿಗೆ ನೀರು ತುಂಬಿ, ಮುಚ್ಚಳ ಬಿಗಿದು, ತಟ್ಟೆಯ ಮೇಲೆ ಮಗುಚಿಡಬೇಕು. ರಂಧ್ರ ಮುಚ್ಚುವವರೆಗೆ ನೀರು ತಟ್ಟೆಗೆ ಇಳಿದು ನಿಲ್ಲುತ್ತದೆ. ಹೊರಗಿನ ಗಾಳಿಯ ಒತ್ತಡವು ಡಬ್ಬಿಯ ನೀರನ್ನು ಹಿಡಿದಿಡುವುದೇ ಇದಕ್ಕೆ ಕಾರಣ. ಕೋಳಿ ಕುಡಿದು ಮಟ್ಟ ಇಳಿದಂತೆ ರಂಧ್ರದಿಂದ ಗಾಳಿ ಒಳಸೇರಿ ಅಷ್ಟೇ ನೀರು ಹೊರಬರುತ್ತದೆ. ನೀರು ನಿಲ್ಲದೆ ತಟ್ಟೆಯ ಅಂಚು ಮೀರಿ ಹರಿದರೆ ಡಬ್ಬಿಯಲ್ಲಿ ಬೇರೆಲ್ಲಿಯೋ ಸೀಳಿದೆ ಎಂದು ತಿಳಿಯಬೇಕು, ಅಥವಾ ರಂಧ್ರವು ತಟ್ಟೆಯ ಅಂಚಿಗಿಂತ ಮೇಲಿದೆಯೇ ಎಂದು ಪರೀಕ್ಷಿಸಬೇಕು. ಇಳಿಜಾರಿನ ಅಂಗಳದಲ್ಲಿ ತಟ್ಟೆಯನ್ನು ಸಮತಟ್ಟಾದ ಹಲಗೆಯ ಮೇಲಿಡತಕ್ಕದ್ದು. ಹತ್ತರಿಂದ ಹದಿನೈದು ಕೋಳಿಗಳಿರುವ ಮನೆಗೆ ಇಂತಹ ಎರಡು ಪಾತ್ರೆಗಳು ಅತ್ಯಂತ ಸೂಕ್ತ.

6.3 ನಿಪ್ಪಲ್ ಮತ್ತು ಬಟ್ಟಲು ವಿಧಾನ: ಮುಚ್ಚಳವಿರುವ ಬಕೆಟ್ಟಿನ ತಳಕ್ಕೆ ನಿಪ್ಪಲ್‌ಗಳನ್ನು ಅಳವಡಿಸಿ ತೂಗುಹಾಕುವ ಕ್ರಮವಿದು. ನೀರಿಗೆ ಹಿಕ್ಕೆಯಾಗಲಿ ಕಸವಾಗಲಿ ಸೇರುವುದಿಲ್ಲ. ಹತ್ತು ಕೋಳಿಗಳಿಗೆ ಮೂರು ನಿಪ್ಪಲ್‌ಗಳು ಬೇಕು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರನ್ನು ನೇರವಾಗಿ ನಿಪ್ಪಲ್‌ಗೆ ಜೋಡಿಸಿದರೆ ಒತ್ತಡ ಹೆಚ್ಚಾಗಿ ಸೋರುತ್ತದೆ. ಮಳೆಗಾಲದ ಮಣ್ಣು ನೀರು ನಿಪ್ಪಲ್ಲನ್ನು ಕಟ್ಟಿಸುತ್ತದೆ. ಆದ್ದರಿಂದ ನೀರನ್ನು ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ತುಂಬಿ ಬಳಸಬೇಕು. ಪ್ರತಿದಿನ ಬೆಳಿಗ್ಗೆ ಒಂದೊಂದು ನಿಪ್ಪಲ್ಲನ್ನೂ ಬೆರಳಿನಿಂದ ಒತ್ತಿ ನೋಡಬೇಕು. ಕಟ್ಟಿಕೊಂಡ ನಿಪ್ಪಲ್ ಹೊರಗಿನಿಂದ ಕಾಣುವುದಿಲ್ಲ; ಬಕೆಟ್ ತುಂಬಿರುವಾಗಲೇ ಕೋಳಿಗಳು ಬಾಯಾರಿರುತ್ತವೆ. ಕೋಳಿಗಳು ರೂಢಿಯಾಗುವವರೆಗೆ ಕೆಲವು ದಿನ ಹಳೆಯ ತಟ್ಟೆಯನ್ನೂ ಇಟ್ಟಿರಬೇಕು.

7. ಆಹಾರದ ಪಾತ್ರೆಗಳ ವಿಧಗಳು

7.1 ಉದ್ದ ತೊಟ್ಟಿ: ಬಿದಿರು, ದಬ್ಬೆ, ಹಲಗೆ ಅಥವಾ ಉದ್ದುದ್ದ ಸೀಳಿದ ಪಿ.ವಿ.ಸಿ. ಪೈಪಿನಿಂದ ಮಾಡಬಹುದು. ತೊಟ್ಟಿಯ ಮೇಲೆ ಉದ್ದಕ್ಕೂ ತಿರುಗುವ ಕೋಲೊಂದನ್ನು ಅಳವಡಿಸಿದರೆ, ಕೋಳಿ ಅದರ ಮೇಲೆ ಕೂರಲು ಹೋದಾಗ ಕೋಲು ತಿರುಗಿ ಕೋಳಿ ಕೆಳಗಿಳಿಯುತ್ತದೆ. ತೊಟ್ಟಿಯ ಅಂಚು ಒಳಕ್ಕೆ ಸ್ವಲ್ಪ ಬಾಗಿರುವುದು ಉತ್ತಮ. ಕೋಳಿಯು ಆಹಾರವನ್ನು ಕೊಕ್ಕಿನಿಂದ ಪಕ್ಕಕ್ಕೆ ಎಳೆದು ಆರಿಸುವ ಸ್ವಭಾವವುಳ್ಳದ್ದಾಗಿದ್ದು, ಬಾಗಿದ ಅಂಚು ಈ ಚೆಲ್ಲುವಿಕೆಯನ್ನು ತಡೆಯುತ್ತದೆ.

7.2 ತೂಗುಹಾಕುವ ಆಹಾರದ ಡಬ್ಬಿ: ಮಧ್ಯದಲ್ಲಿ ಕೊಳವೆ ಮತ್ತು ಕೆಳಗೆ ತಟ್ಟೆ ಇರುವ ಈ ಡಬ್ಬಿಯನ್ನು ಜಂತಿಗೆ ಹಗ್ಗದಿಂದ ತೂಗುಹಾಕಲಾಗುತ್ತದೆ. ಎತ್ತರವನ್ನು ಬೇಕಾದಂತೆ ಬದಲಿಸಬಹುದು ಮತ್ತು ಇಲಿಗಳಿಗೆ ಸುಲಭವಾಗಿ ಎಟಕದು. ಮನೆಯ ಜಗುಲಿ ಅಥವಾ ಕೊಟ್ಟಿಗೆಯ ಸೂರಿನಡಿ ತೂಗುಹಾಕಲು ಇದು ಸೂಕ್ತ.

7.3 ಪಿ.ವಿ.ಸಿ. ಪೈಪಿನ ವಿಧಾನ: ನಾಲ್ಕು ಇಂಚಿನ ಪೈಪನ್ನು ನೇರವಾಗಿ ನಿಲ್ಲಿಸಿ ಕೆಳಗೆ ಎಲ್ಬೋ ಜೋಡಿಸುವ ಈ ವಿಧಾನವು ಈಚಿನ ವರ್ಷಗಳಲ್ಲಿ ಪ್ರಚಲಿತವಾಗಿದೆ. ಜೋಳ, ಭತ್ತ ಮುಂತಾದ ಇಡೀ ಕಾಳುಗಳಿಗೆ ಇದು ಸರಿಹೊಂದುತ್ತದೆ. ಆದರೆ ತೌಡು ಮತ್ತು ಹಿಟ್ಟಿನ ರೂಪದ ಆಹಾರವು ಮಲೆನಾಡಿನ ತೇವಕ್ಕೆ ಪೈಪಿನ ತಿರುವಿನಲ್ಲಿ ಹೆಪ್ಪುಗಟ್ಟಿ, ಹೊರಗೆ ಕಾಣದಂತೆ ಬೂಷ್ಟು ಹಿಡಿಯುತ್ತದೆ. ಮೇಲಿನಿಂದ ಹೊಸ ಆಹಾರ ಸುರಿಯುತ್ತಿದ್ದರೂ ಕೋಳಿಗೆ ಸಿಗುವುದು ಬೂಷ್ಟಿನ ಮೂಲಕ ಬಂದ ಆಹಾರವೇ ಆಗಿರುತ್ತದೆ. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಭಾಗದಲ್ಲಿ ಪೈಪಿನ ವಿಧಾನವನ್ನು ಹಿಟ್ಟಿನ ಆಹಾರಕ್ಕೆ ಬಳಸದಿರುವುದು ಒಳಿತು.

8. ಪಾತ್ರೆಯ ಅಳತೆ ಮತ್ತು ಎತ್ತರ

ಪ್ರತಿ ಕೋಳಿಗೆ ಬೇಕಾಗುವ ಪಾತ್ರೆಯ ಅಂಚಿನ ಉದ್ದವು ಈ ಕೆಳಕಂಡಂತಿರುತ್ತದೆ.

0ರಿಂದ 2 ವಾರದ ಮರಿಗಳು: ಆಹಾರಕ್ಕೆ 2.5 ಸೆಂ.ಮೀ.; ನೀರಿಗೆ 1 ಸೆಂ.ಮೀ.
3ರಿಂದ 6 ವಾರದ ಮರಿಗಳು: ಆಹಾರಕ್ಕೆ 5 ಸೆಂ.ಮೀ.; ನೀರಿಗೆ 1.5 ಸೆಂ.ಮೀ.
ದೊಡ್ಡ ಕೋಳಿಗಳು: ಆಹಾರಕ್ಕೆ 10 ಸೆಂ.ಮೀ.; ನೀರಿಗೆ 2.5 ಸೆಂ.ಮೀ.

ಉದಾಹರಣೆಗೆ, ಹತ್ತು ದೊಡ್ಡ ಕೋಳಿಗಳಿಗೆ 100 ಸೆಂ.ಮೀ. ಅಂಚು ಬೇಕು. ಎರಡೂ ಬದಿಯಿಂದ ತಿನ್ನಲು ಸಾಧ್ಯವಿರುವ ತೊಟ್ಟಿಯಾದರೆ 50 ಸೆಂ.ಮೀ. ಉದ್ದ ಸಾಕು. ದುಂಡು ತಟ್ಟೆಯಾದರೆ 35 ಸೆಂ.ಮೀ. ಅಗಲದ ತಟ್ಟೆಯ ಸುತ್ತಳತೆ ಸುಮಾರು 110 ಸೆಂ.ಮೀ. ಆಗುವುದರಿಂದ ಅದು ಸಾಕಾಗುತ್ತದೆ. ಆದರೂ ಒಂದು ದೊಡ್ಡ ಪಾತ್ರೆಗಿಂತ ಎರಡು ಸಣ್ಣ ಪಾತ್ರೆಗಳನ್ನು ದೂರದೂರ ಇಡುವುದು ಉತ್ತಮ. ಹಿಂಡಿನಲ್ಲಿ ಬಲಿಷ್ಠ ಕೋಳಿಗಳು ದುರ್ಬಲ ಕೋಳಿಗಳನ್ನು ಕುಕ್ಕಿ ಓಡಿಸುತ್ತವೆ; ಒಂದೇ ಪಾತ್ರೆಯಿದ್ದಲ್ಲಿ ದುರ್ಬಲ ಕೋಳಿ ಹಸಿದೇ ಉಳಿಯುತ್ತದೆ.

ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಬೇಕು. ಕೋಳಿ ಬೆಳೆದಂತೆ ಇಟ್ಟಿಗೆ ಅಥವಾ ಹಲಗೆಯಿಟ್ಟು ಎತ್ತರಿಸಬೇಕು. ಆಹಾರದ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಆಹಾರ ಮತ್ತು ನೀರಿನ ಪಾತ್ರೆಗಳ ನಡುವೆ ಒಂದೆರಡು ಮೀಟರ್ ಅಂತರವಿದ್ದರೆ ಕೋಳಿಯ ಕೊಕ್ಕಿನ ಹಿಟ್ಟು ನೀರಿಗೂ, ನೀರು ಹಿಟ್ಟಿಗೂ ಸೇರುವುದು ಕಡಿಮೆಯಾಗುತ್ತದೆ.

9. ಮರಿಗಳಿಗೆ ವಿಶೇಷ ಎಚ್ಚರಿಕೆ

ಸಣ್ಣ ಮರಿಗಳು ನೀರಿನ ತಟ್ಟೆಯಲ್ಲಿ ಬಿದ್ದು ಮುಳುಗುವುದುಂಟು. ಮುಳುಗದಿದ್ದರೂ ಮಲೆನಾಡಿನ ಚಳಿಗೆ ಮೈ ಒದ್ದೆಯಾದ ಮರಿಯು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಆದ್ದರಿಂದ ಮೊದಲ ವಾರ ನೀರಿನ ತಟ್ಟೆಯ ಸುತ್ತ ತೊಳೆದ ಬೆಣಚುಕಲ್ಲು ಅಥವಾ ಗೋಲಿಗಳನ್ನು ತುಂಬಿ, ಕೊಕ್ಕು ಮಾತ್ರ ತಾಗುವಂತೆ ಮಾಡಬೇಕು. ನೀರು ಉಗುರುಬೆಚ್ಚಗಿರಬೇಕು. ಹೊಸದಾಗಿ ತಂದ ಮರಿಗಳ ಕೊಕ್ಕನ್ನು ಒಮ್ಮೆ ನೀರಿಗೆ ಮೃದುವಾಗಿ ಅದ್ದಿದರೆ ಅವು ನೀರಿನ ಸ್ಥಳವನ್ನು ತಿಳಿಯುತ್ತವೆ. ಮೊದಲ ಎರಡು ಮೂರು ದಿನ ಆಹಾರವನ್ನು ಮೊಟ್ಟೆಯ ಹೊಸ ಟ್ರೇ ಅಥವಾ ಚಪ್ಪಟೆ ತಟ್ಟೆಯಲ್ಲಿ ನೀಡಬಹುದು. ನುಣುಪಾದ ಕಾಗದದ ಮೇಲೆ ಮರಿಗಳ ಕಾಲು ಜಾರಿ ಸೊಟ್ಟಗಾಗುವ ಸಾಧ್ಯತೆಯಿರುತ್ತದೆ. ತಾಯಿಕೋಳಿಯೊಂದಿಗಿರುವ ಮರಿಗಳಿಗೆ, ಮರಿಗಳು ಮಾತ್ರ ನುಸುಳಬಹುದಾದ ಬಿದಿರು ಪಂಜರದೊಳಗೆ ಆಹಾರವಿಡುವುದು ಸೂಕ್ತ.

10. ಮಳೆಗಾಲ ಮತ್ತು ಕಾಫಿ ಕೊಯ್ಲಿನ ಕಾಲದ ಕ್ರಮಗಳು

ಬೂಷ್ಟು ಹಿಡಿದ ಆಹಾರದಲ್ಲಿ, ಅದರಲ್ಲಿಯೂ ಮೆಕ್ಕೆಜೋಳ ಮತ್ತು ಕಡಲೆಕಾಯಿ ಹಿಂಡಿಯಲ್ಲಿ, ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅದಕ್ಕೆ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ಕಂಡುಬಂದು ಈ ವಿಷವು ಜಗತ್ತಿಗೆ ತಿಳಿಯಿತು. ಇದು ಕುದಿಸಿದರೂ, ಬಿಸಿಲಿಗೆ ಒಣಗಿಸಿದರೂ ಹೋಗದು. ಯಕೃತ್ತನ್ನು ಕೆಡಿಸಿ, ಕೋಳಿಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಆದ್ದರಿಂದ ಮುಗ್ಗಲು ವಾಸನೆಯ, ಗಂಟುಕಟ್ಟಿದ ಅಥವಾ ಹಸಿರು ಬಣ್ಣಕ್ಕೆ ತಿರುಗಿದ ಆಹಾರವನ್ನು ಮನುಷ್ಯರಿಗೆ ಬಾರದು, ಕೋಳಿಗಾದರೂ ಆಗಲಿ ಎಂದು ಹಾಕಬಾರದು. ಆಹಾರದ ದಾಸ್ತಾನನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ನೆಲಕ್ಕೆ ಮತ್ತು ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾಗುವಷ್ಟನ್ನು ಮಾತ್ರ ಕೊಳ್ಳುವುದು ಸೂಕ್ತ.

ನೀರಿನ ಪಾತ್ರೆಯ ಸುತ್ತ ನೆಲ ಒದ್ದೆಯಾಗದಂತೆ ನೋಡಿಕೊಳ್ಳಬೇಕು. ಮರಿಗಳಲ್ಲಿ ರಕ್ತಭೇದಿಯನ್ನುಂಟುಮಾಡುವ ಕಾಕ್ಸಿಡಿಯಾ ರೋಗಾಣುಗಳು ತೇವ ಮತ್ತು ಬೆಚ್ಚನೆಯ ನೆಲದಲ್ಲಿ ಒಂದೆರಡು ದಿನಗಳಲ್ಲಿ ಸೋಂಕು ಹರಡುವ ಹಂತಕ್ಕೆ ಬರುತ್ತವೆ. ಪಾತ್ರೆಯ ಕೆಳಗೆ ಕಲ್ಲುಹರಳು ಹರಡಿ ಅದರ ಮೇಲೆ ಬಿದಿರು ತಡಿಕೆ ಇಟ್ಟರೆ ಚೆಲ್ಲಿದ ನೀರು ಕೋಳಿಯ ಕಾಲಿಗೆ ತಾಗದೆ ಇಳಿದುಹೋಗುತ್ತದೆ.

ತೆರೆದ ನೀರು ಸೊಳ್ಳೆಗಳ ತಾಣವೂ ಆಗಿರುತ್ತದೆ. ಸೊಳ್ಳೆಗಳಿಂದ ಕೋಳಿಗಳಿಗೆ ಸಿಡುಬು, ಮನುಷ್ಯರಿಗೆ ಡೆಂಗೀ ಹರಡುತ್ತದೆ. ರಾಜ್ಯದಲ್ಲಿ 2024ರಲ್ಲಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಲಾಗಿತ್ತು. ಡೆಂಗೀ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುವುದರಿಂದ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಬೇಕು.

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕೊಯ್ಲಿನ ಕಾಲದಲ್ಲಿ ಪಲ್ಪರ್‌ನಿಂದ ಹೊರಬರುವ ಹುಳಿ ನೀರು ಸೇರಿದ ಹಳ್ಳದ ನೀರನ್ನು ಕೋಳಿಗಳಿಗೆ ನೀಡಬಾರದು. ಔಷಧಿ ಸಿಂಪಡಿಸುವ ದಿನಗಳಲ್ಲಿ ಕೋಳಿಗಳನ್ನು ಗೂಡಿನಲ್ಲಿಯೇ ಇರಿಸಿ, ಆಹಾರ ಮತ್ತು ನೀರನ್ನು ಒಳಗೇ ಒದಗಿಸತಕ್ಕದ್ದು.

ಕಾಗೆ, ಕೊಕ್ಕರೆ ಮುಂತಾದ ಕಾಡುಹಕ್ಕಿಗಳು ಕೋಳಿಯ ನೀರಿಗೆ ಬರದಂತೆ ಪಾತ್ರೆಯನ್ನು ಸೂರಿನಡಿ ಇಡಬೇಕು. ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು ಮತ್ತು 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ವಲಸೆ ಹಕ್ಕಿಗಳ ಹಿಕ್ಕೆಯಿಂದ ಮಲಿನವಾದ ನೀರು ಈ ರೋಗ ಹರಡುವ ಮಾರ್ಗಗಳಲ್ಲೊಂದಾಗಿರುತ್ತದೆ.

11. ಪಾತ್ರೆಗಳ ಸ್ವಚ್ಛತೆ

ಪ್ರತಿದಿನ: ಬೆಳಿಗ್ಗೆ ನೀರಿನ ಪಾತ್ರೆಯನ್ನು ಬರಿದು ಮಾಡಿ, ತೆಂಗಿನ ನಾರಿನಿಂದ ಒಳಗೋಡೆಯನ್ನು ಉಜ್ಜಿ ಹೊಸ ನೀರು ತುಂಬಬೇಕು. ಗೋಡೆಯನ್ನು ಮುಟ್ಟಿದಾಗ ಲೋಳೆಯಾಗಿದ್ದರೆ ಅದು ರೋಗಾಣುಗಳ ಪದರವೆಂದು ತಿಳಿಯಬೇಕು. ಸಂಜೆ ಉಳಿದ ಆಹಾರವನ್ನು ತೆಗೆದಿಡಬೇಕು. ರಾತ್ರಿ ಬಿಟ್ಟ ಆಹಾರಕ್ಕೆ ಇಲಿ, ಹೆಗ್ಗಣಗಳು ಬರುತ್ತವೆ. ಅವುಗಳ ಬೆನ್ನಿಗೆ ಹಾವುಗಳು ಬರುತ್ತವೆ.

ವಾರಕ್ಕೊಮ್ಮೆ: ಎಲ್ಲ ಪಾತ್ರೆಗಳನ್ನು ಸೋಪಿನಿಂದ ತೊಳೆದು, ಕುದಿಯುವ ನೀರು ಸುರಿದು, ಬಿಸಿಲಿನಲ್ಲಿ ಒಣಗಿಸಬೇಕು. ಬಿಸಿಲಿಲ್ಲದ ದಿನಗಳಲ್ಲಿ ಒಲೆಯ ಬಳಿ ಒಣಗಿಸಬಹುದು. ಬ್ಲೀಚಿಂಗ್ ಪುಡಿಯು ಬಹುತೇಕ ರೋಗಾಣುಗಳನ್ನು ಕೊಲ್ಲುವುದಾದರೂ ರಕ್ತಭೇದಿಯ ರೋಗಾಣುಗಳನ್ನು ಕೊಲ್ಲಲಾರದು. ಅವುಗಳಿಗೆ ಕುದಿಯುವ ನೀರು ಮತ್ತು ಒಣಗಿಸುವಿಕೆಯೇ ಪರಿಹಾರ. ಎರಡು ಜೊತೆ ಪಾತ್ರೆಗಳಿದ್ದಲ್ಲಿ ಒಂದು ಜೊತೆ ಒಣಗುತ್ತಿರುವಾಗ ಇನ್ನೊಂದನ್ನು ಬಳಸಬಹುದು.

ಲಸಿಕೆಯ ದಿನ: ಕೊಕ್ಕರೆ ರೋಗದ ಲಸಿಕೆಯನ್ನು ಪಶುವೈದ್ಯರು ಕುಡಿಯುವ ನೀರಿನಲ್ಲಿ ನೀಡಲು ಸೂಚಿಸಿದಲ್ಲಿ, ಪಾತ್ರೆಯಲ್ಲಿ ಸೋಪು ಅಥವಾ ಬ್ಲೀಚಿಂಗ್ ಪುಡಿಯ ಅಂಶ ಲವಲೇಶವೂ ಇರಬಾರದು. ಕ್ಲೋರಿನ್ ಬೆರೆತ ನಲ್ಲಿಯ ನೀರು ಮತ್ತು ಲೋಹದ ಪಾತ್ರೆ ಎರಡೂ ಲಸಿಕೆಯನ್ನು ನಿಷ್ಫಲಗೊಳಿಸಬಹುದು.

12. ಖರ್ಚಿನ ಲೆಕ್ಕ

ಹತ್ತು ಕೋಳಿಗಳಿಗೆ ತಲಾ 50 ಗ್ರಾಂನಂತೆ ದಿನಕ್ಕೆ 500 ಗ್ರಾಂ ಪೂರಕ ಆಹಾರ ನೀಡಲಾಗುತ್ತಿದೆ ಎಂದಿಟ್ಟುಕೊಳ್ಳೋಣ. ತೆರೆದ ತಟ್ಟೆಯಿಂದ ಐದನೆಯ ಒಂದು ಭಾಗ ಚೆಲ್ಲಿ ಕೆಸರು ಸೇರಿದರೆ ದಿನಕ್ಕೆ 100 ಗ್ರಾಂ, ವರ್ಷಕ್ಕೆ 36.5 ಕಿ.ಗ್ರಾಂ. ನಷ್ಟವಾಗುತ್ತದೆ. ಈ ತೂಕವನ್ನು ತಮ್ಮ ಊರಿನ ಆಹಾರದ ದರದಿಂದ ಗುಣಿಸಿ ನೋಡಿದಲ್ಲಿ, ಒಂದು ಒಳ್ಳೆಯ ಪಾತ್ರೆಯ ಬೆಲೆ ಎಷ್ಟು ತಿಂಗಳಲ್ಲಿ ಮರಳುವುದೆಂದು ಸಾಕಾಣಿಕೆದಾರರೇ ಲೆಕ್ಕ ಹಾಕಬಹುದು. ಇದರ ಜೊತೆಗೆ, ನಾಟಿ ಕೋಳಿಯೊಂದು ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆ ಇಡುತ್ತದೆ. ಒಂದು ಕೋಳಿ ಸತ್ತರೆ ಆ ಮೊಟ್ಟೆಗಳೂ, ಅವುಗಳಿಂದ ಆಗಬಹುದಾಗಿದ್ದ ಮರಿಗಳೂ ನಷ್ಟದ ಬಾಬ್ತಿಗೆ ಸೇರುತ್ತವೆ. ಪಾತ್ರೆಯ ಖರ್ಚನ್ನು ಈ ನಷ್ಟದೊಂದಿಗೆ ಹೋಲಿಸಿ ನಿರ್ಧರಿಸುವುದು ಸೂಕ್ತ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಒರಳುಕಲ್ಲಿನಲ್ಲಿ ನೀರಿಡಬಹುದೇ?
ಉತ್ತರ: ಇಡಬಹುದು. ಆದರೆ ಅದನ್ನು ಮಗುಚಿ ಬರಿದು ಮಾಡಲಾಗದಿರುವುದರಿಂದ ಪ್ರತಿದಿನ ನೀರನ್ನು ಮೊಗೆದು ಹಾಕಿ ಉಜ್ಜಬೇಕು. ಹಾಗೆ ಮಾಡಲಾಗದಿದ್ದರೆ ಒರಳಿನಲ್ಲಿ ಮಣ್ಣು ತುಂಬಿಸಿಬಿಡುವುದು ಮೇಲು. ಮರಿಗಳಿರುವಾಗ ಆಳವಾದ ಒರಳಿನಲ್ಲಿ ನೀರು ಇಡಲೇಬಾರದು.

ಪ್ರಶ್ನೆ: ಔಷಧಿಯ ಡಬ್ಬಿಯನ್ನು ಸುಡುನೀರು, ಸೋಪು, ಬೂದಿಯಿಂದ ಹಲವು ಬಾರಿ ತೊಳೆದಿದ್ದೇವೆ, ವಾಸನೆಯೂ ಇಲ್ಲ. ಬಳಸಬಹುದೇ?
ಉತ್ತರ: ಬಳಸಬಾರದು. ವಾಸನೆ ಇಲ್ಲದಿರುವುದು ವಿಷವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ತೊಳೆದ ನೀರು ಹರಿದ ಕಡೆಯಲ್ಲಿಯೂ ಕೋಳಿಗಳು ಹೋಗದಂತೆ ನೋಡಿಕೊಳ್ಳಬೇಕು.

ಪ್ರಶ್ನೆ: ತೌಡನ್ನು ಗಂಜಿಯಲ್ಲಿ ಕಲಸಿ ಹಾಕುವುದು ರೂಢಿ. ಇದು ತಪ್ಪೇ?
ಉತ್ತರ: ತಪ್ಪಲ್ಲ. ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟನ್ನು ಮಾತ್ರ ಹಾಕಿ, ಉಳಿದುದನ್ನು ತೆಗೆದು ಪಾತ್ರೆಯನ್ನು ಕೂಡಲೇ ತೊಳೆಯಬೇಕು. ಬೆಳಗಿನ ಕಲಸನ್ನು ಸಂಜೆಗೆ ಉಳಿಸಬಾರದು.

ಪ್ರಶ್ನೆ: ತೋಟದಲ್ಲಿ ಬೇಕಾದಷ್ಟು ನೀರು ಹರಿಯುವಾಗ ಬೇರೆ ಪಾತ್ರೆ ಏಕೆ?
ಉತ್ತರ: ಹರಿಯುವ ನೀರು ಮೇಲಿನ ತೋಟಗಳಿಂದ ಏನನ್ನು ಹೊತ್ತು ತರುತ್ತದೆಂಬುದು ನಮಗೆ ಕಾಣದು. ಮನೆ ಬಳಿ ಶುಚಿಯಾದ ನೀರು ಸಿಗುವ ಕೋಳಿ ಹೊರಗಿನ ನೀರಿಗೆ ಹೋಗುವುದು ಕಡಿಮೆ.

14. ಮುಕ್ತಾಯ

ಕೋಳಿ ಸಾಕಾಣಿಕೆದಾರರು ಹಾಗೂ ರೈತ ಮಹಿಳೆಯರು ಇಂದೇ ತಮ್ಮ ಅಂಗಳದಲ್ಲಿರುವ ಪಾತ್ರೆಗಳನ್ನು ಮೇಲೆ ತಿಳಿಸಿದ ನಾಲ್ಕು ಪ್ರಶ್ನೆಗಳ ಮೂಲಕ ಪರೀಕ್ಷಿಸಿಕೊಳ್ಳಲು ಕೋರಲಾಗಿದೆ. ತೋಟದಿಂದ ಬಂದ ಡಬ್ಬಿಯಿದ್ದಲ್ಲಿ ಅದನ್ನು ಮೊದಲು ಹೊರಹಾಕಬೇಕು. ಉಳಿದ ಸುಧಾರಣೆಗಳನ್ನು ಅನುಕೂಲವಾದಂತೆ ಮಾಡಿಕೊಳ್ಳಬಹುದು. ತೋಟದ ಮಾಲೀಕರು ಮತ್ತು ಮೇಸ್ತ್ರಿಗಳು ಖಾಲಿ ಡಬ್ಬಿಗಳು ಲೈನ್ ಮನೆಗಳಿಗೆ ಹೋಗದಂತೆ ಎಚ್ಚರ ವಹಿಸಬೇಕು.

ಒಂದಕ್ಕಿಂತ ಹೆಚ್ಚು ಕೋಳಿಗಳು ಒಮ್ಮೆಲೇ ಸತ್ತಲ್ಲಿ, ಅವುಗಳನ್ನು ಹಳ್ಳಕ್ಕಾಗಲಿ ತೋಟಕ್ಕಾಗಲಿ ಎಸೆಯದೆ ಹತ್ತಿರದ ಪಶುವೈದ್ಯಕೀಯ ಸಂಸ್ಥೆಗೆ ತಿಳಿಸುವುದು. ಆ ವೇಳೆಯಲ್ಲಿ ಕೋಳಿಗಳು ತಿಂದ ಆಹಾರದ ಒಂದು ಹಿಡಿಯನ್ನೂ, ನೀರಿನ ಪಾತ್ರೆಯನ್ನೂ ತೊಳೆಯದೆ ಹಾಗೆಯೇ ತೆಗೆದಿಟ್ಟು ಪಶುವೈದ್ಯರಿಗೆ ತೋರಿಸಿದಲ್ಲಿ ಕಾರಣ ಪತ್ತೆಹಚ್ಚಲು ಸಹಾಯಕವಾಗುತ್ತದೆ.